ಜಾತ್ರೆಯ ಮರದ ತೊಟ್ಟಿಲು ಮತ್ತೆ ಕಟ್ಟಬೇಕಿದೆ: ಅಚ್ಚಿನ ಎತ್ತರ, ಮರ, ಬ್ರೇಕು, ಮತ್ತೆ ಆ ‘ಕಿರ್ರ್’

ಬಿಡಕಿಬಯಲು · ಭಾನುವಾರ ಸಂಜೆ

ಜಾತ್ರೆ ಪೇಟೆಯ ಮೂಲೆಯಲ್ಲಿ ಒಂಬತ್ತು ದಿನಕ್ಕೆಂದು ಎದ್ದು, ಹತ್ತನೇ ದಿನ ನಾಲ್ಕು ಕುಳಿ ಮಾತ್ರ ಬಿಟ್ಟು ಹೋಗುತ್ತಿದ್ದ ಆಟದ ಬಯಲಿನ ಬಗ್ಗೆ ಈ ಚರ್ಚೆ.

ಶಿರಸಿಯ ಮಾರಿಕಾಂಬೆ ಜಾತ್ರೆಗೆ ಎರಡು ವರ್ಷಕ್ಕೊಮ್ಮೆ ಆಟದ ಸಾಮಾನು ಈಗಲೂ ಬರುತ್ತದೆ, ಮೊದಲಿಗಿಂತ ಜಾಸ್ತಿಯೇ. ಆದರೆ ಬರುವುದೆಲ್ಲ ಕಬ್ಬಿಣ, ಮೋಟಾರು, ಎಲ್‌ಇಡಿ ದೀಪ. ಇಬ್ಬರು ನಿಂತು ಕೈಯಲ್ಲಿ ತಿರುಗಿಸುತ್ತಿದ್ದ ನಾಲ್ಕು ಪೆಟ್ಟಿಗೆಯ ಮರದ ತೊಟ್ಟಿಲು ಇಲ್ಲ. ಮಕ್ಕಳನ್ನು ಕೂರಿಸಿ ತಳ್ಳುತ್ತಿದ್ದ ಕುದುರೆ ಚಕ್ರವೂ ಇಲ್ಲ.

ನಮ್ಮೂರ ಶಾಲೆಯ ಮೈದಾನದಲ್ಲಿ ಇವೆರಡನ್ನು ಕಟ್ಟಬೇಕೆಂದು ಊರವರ ಯೋಚನೆ. ಮಕ್ಕಳು ಕೂರುವಂಥದ್ದೇ ಬೇಕು, ನೋಡಿ ಹೋಗುವ ಬೊಂಬೆ ಬೇಡ. ಸದ್ಯ ಕಾಗದದ ಮೇಲೆ ಇರುವುದು ಇಷ್ಟು: ತೋಳು ನಡುವಿನಿಂದ 5 ಅಡಿ, ಅಚ್ಚು ನೆಲದಿಂದ 6 ಅಡಿ ಎತ್ತರ, ಪೆಟ್ಟಿಗೆಗೆ ಇಬ್ಬರಂತೆ ಎಂಟು ಮಕ್ಕಳು, ಮರ ಪೂರ್ತಿ ಮತ್ತಿ. ತಪ್ಪಿದ್ದರೆ ತಿದ್ದಿ. ಇನ್ನೊಂದು ವಿಷಯ. ಆ ತೊಟ್ಟಿಲು ಅಂದ ಕೂಡಲೇ ಎಲ್ಲರೂ ಮೊದಲು ಹೇಳುವುದು ಅದರ ‘ಕಿರ್ರ್’ ಶಬ್ದ. ಅದೂ ಬೇಕು. ಅದು ಬರುತ್ತಿದ್ದದ್ದು ಎಲ್ಲಿಂದ?

ಸಂಕದಾಚೆ · ಭಾನುವಾರ ರಾತ್ರಿ

ಅಚ್ಚು 6 ಅಡಿಗೆ ಕೂರಿಸಿದರೆ ಮೊದಲ ಸುತ್ತಿಗೇ ಪೆಟ್ಟಿಗೆ ನೆಲ ಕೊರೆಯುತ್ತದೆ ಮಾರಾಯ್ರೇ. ಹೊಸದಾಗಿ ಕಟ್ಟುವವರು ತೋಳು ಅಳೆಯುತ್ತಾರೆ, ಪೆಟ್ಟಿಗೆ ಜೋತಾಡುವ ಉದ್ದ ಮರೆಯುತ್ತಾರೆ.

ಲೆಕ್ಕ ಹೀಗೆ. ತೋಳು 5 ಅಡಿ. ಪೆಟ್ಟಿಗೆಯ ಕೀಲಿನಿಂದ ಅದರ ತಳಕ್ಕೆ ಎರಡೂವರೆ ಅಡಿ. ತಳದ ಕೆಳಗೆ ನೆಲಕ್ಕೆ 1 ಅಡಿ. ಒಟ್ಟು ಎಂಟೂವರೆ ಅಡಿ, ಅಚ್ಚಿನ ನಡುವಿಗೆ. ಮೇಲಿನ ಕೀಲು ಹದಿಮೂರೂವರೆ ಅಡಿಗೆ ಹೋಗುತ್ತದೆ. ಮೈದಾನದ ಅಂಚಲ್ಲಿ ಹೊನ್ನೆಯೋ ಮಾವೋ ಇದ್ದರೆ ಅದರ ಕೊಂಬೆ, ಕರೆಂಟು ತಂತಿ ಎಲ್ಲಿದೆ ಅಂತ ಈಗಲೇ ನೋಡಿಕೊಳ್ಳಿ.

ಪೆಟ್ಟಿಗೆ ಜೋತಾಡುವ ಉದ್ದ ತೋಳಿನ ಅರ್ಧಕ್ಕಿಂತ ಜಾಸ್ತಿ ಆಗಬಾರದು. ಪೆಟ್ಟಿಗೆ ನೆತ್ತಿಗೆ ಬಂದಾಗ ಅದರ ತಳ ಅಚ್ಚಿನ ಕಡೆಗೇ ಇಳಿದಿರುತ್ತದೆ. ಜೋತು ಹೆಚ್ಚಾದರೆ ಅಚ್ಚಿಗೆ ತಾಗುತ್ತದೆ.

ಬೇಲಿ: ತೋಳು 5 ಅಡಿ, ಪೆಟ್ಟಿಗೆಯ ಅರ್ಧ ಅಗಲ ಒಂದೂಕಾಲು ಅಡಿ, ಅದರಾಚೆ ಕನಿಷ್ಠ 4 ಅಡಿ ಖಾಲಿ ಬಿಡಬೇಕು. ಅಚ್ಚಿನ ಕೆಳಗಿನ ಬಿಂದುವಿನಿಂದ ಆಚೀಚೆ ಹತ್ತೂಕಾಲು ಅಡಿಗೆ ಬೇಲಿ ಹಾಕಿ, ಎತ್ತರ ಮೂರೂವರೆ ಅಡಿ. ಹತ್ತುವ ಬಾಗಿಲು ಒಂದೇ ಇರಲಿ, ತಿರುಗಿಸುವವನ ಕಣ್ಣೆದುರು.

ಹಲಗೆಮೇಸ್ತ್ರಿ · ಭಾನುವಾರ ರಾತ್ರಿ

ಪೂರ್ತಿ ಮತ್ತಿ ಬೇಡ ತಮಾ. ಕಾಲಿಗೆ ಮತ್ತಿ ಸರಿ, ತೋಳಿಗೆ ಅಲ್ಲ.

ಮತ್ತಿ ಭಾರ, ಘನ ಮೀಟರಿಗೆ 900 ಕಿಲೋ ಹತ್ತಿರ. ಒಣಗುವಾಗ ಮೈಮೇಲೆ ಬಿರುಕು ಬಿಡುವುದು ಅದರ ಹುಟ್ಟುಗುಣ. ಸಾಗುವಾನಿ 650ರ ಆಸುಪಾಸು, ಒಣಗಿದ ಮೇಲೆ ಅಲುಗಾಡುವುದಿಲ್ಲ. ತೋಳು ತುದಿಯಿಂದ ತುದಿಗೆ 10 ಅಡಿ ಉದ್ದ, 3 ಇಂಚು ದಪ್ಪ, 4 ಇಂಚು ಅಗಲ ಅಂತ ಇಟ್ಟುಕೊಂಡರೆ ಸಾಗುವಾನಿಯಲ್ಲಿ ಒಂದಕ್ಕೆ 15 ಕಿಲೋ ಬರುತ್ತದೆ. ಎರಡು ಬದಿಗೆ ಎರಡೆರಡು, ಒಟ್ಟು ನಾಲ್ಕು ತೋಳು, 60 ಕಿಲೋ. ಮತ್ತಿಯಲ್ಲಿ ಅದೇ 85 ಆಗುತ್ತದೆ. ಆ 25 ಕಿಲೋ ದಿನಾ ಕೈಯಲ್ಲಿ ತಿರುಗಿಸುವವನ ಮೈಮೇಲೆ. ನಂದಿ ಮರವೂ ಆದೀತು.

ಹೊಸ ಮರ ತರುವುದಾದರೆ ಅರಣ್ಯ ಇಲಾಖೆಯ ಡಿಪೋದಿಂದ ರಸೀದಿ, ಪಾಸು ಸಮೇತ ತನ್ನಿ. ಅದಕ್ಕಿಂತ ಒಳ್ಳೆಯದು ಹಳೆ ಮನೆ ಬಿಚ್ಚಿದಾಗ ಸಿಗುವ ತೊಲೆ, ಜಂತಿ. ನಲವತ್ತು ಐವತ್ತು ವರ್ಷ ಅಡುಗೆಮನೆ ಹೊಗೆಗೆ ಒಣಗಿದ್ದು ಇನ್ನು ತಿರುಚುವುದಿಲ್ಲ. ಕೊಳ್ಳುವ ಮೊದಲು ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಒಳ್ಳೆಯದು, ದಬ್ ಅಂದರೆ ಒಳಗೆ ಗೆದ್ದಲೋ ಕೊಳೆತವೋ ಇದೆ. ಹಳೆ ಮೊಳೆ ಒಂದೂ ಬಿಡದೆ ಕೀಳಬೇಕು. ನಡುವಿನ ಮೂರಡಿಯಲ್ಲಿ ಗಂಟು ಇರುವ ತುಂಡು ತೋಳಿಗೆ ಬೇಡ, ಅದನ್ನು ಪೆಟ್ಟಿಗೆಯ ಹಲಗೆಗೆ ಕೊಯ್ಯಿರಿ.

ಈಗ ಮುಖ್ಯ ಮಾತು. ಎರಡು ತೋಳು ಅಡ್ಡ ಕೂಡುವ ಜಾಗದಲ್ಲಿ ಎಲ್ಲರೂ ಎರಡರಲ್ಲೂ ಅರ್ಧರ್ಧ ಕೊರೆದು ಕೂಡಿಸುತ್ತಾರೆ. ನೋಡಲು ಚೆಂದ, ಎರಡೂ ಒಂದೇ ಸಮಕ್ಕೆ ಕೂರುತ್ತವೆ. ಆದರೆ ತೋಳಿಗೆ ಅತಿ ಹೆಚ್ಚು ಬಾಗು ಬರುವುದು ಅಲ್ಲೇ. ಅಲ್ಲೇ ದಪ್ಪ ಅರ್ಧ ತೆಗೆದರೆ ಬಲವೂ ಅರ್ಧ. ಆ ಅರ್ಧದಲ್ಲಿ ಮತ್ತೆ ಅಚ್ಚಿಗೆಂದು 2 ಇಂಚಿನ ತೂತು! ಮರದ ತೊಟ್ಟಿಲು ಮುರಿದರೆ ನಡುವಲ್ಲೇ ಮುರಿಯುವುದಕ್ಕೆ ಕಾರಣ ಇದು.

ಕೊರೆಯಲೇಬೇಡಿ. ಒಂದು ತೋಳು ಒಳಗೆ, ಒಂದು ಹೊರಗೆ, ಒಂದರ ಮೇಲೊಂದು ಕೂರಲಿ. ಎರಡರ ಆಚೀಚೆ 8 ಮಿ.ಮೀ. ದಪ್ಪದ, 15 ಇಂಚು ಚೌಕದ ಕಬ್ಬಿಣದ ತಟ್ಟೆ. ಪ್ರತಿ ತೋಳಿಗೆ ನಾಲ್ಕು ಬೋಲ್ಟು, 12 ಮಿ.ಮೀ.ದು. ಬೋಲ್ಟಿನ ತೂತು ತೋಳಿನ ಅಂಚಿನಿಂದ ಒಂದೂಕಾಲು ಇಂಚು ಒಳಗಿರಲಿ. ಅಚ್ಚು ಮರದ ತೂತನ್ನು ಮುಟ್ಟಬಾರದು, ತಟ್ಟೆಗೆ ಬೆಸುಗೆ ಹಾಕಿದ ಕೊಳವೆಯಲ್ಲಿ ಕೂರಬೇಕು. ಒಳತೋಳು ಹೊರತೋಳುಗಳ ನಡುವೆ 3 ಇಂಚು ವ್ಯತ್ಯಾಸ ಬರುತ್ತದಲ್ಲ, ಅದನ್ನು ಪೆಟ್ಟಿಗೆ ನೇತುಹಾಕುವ ತುದಿಯಲ್ಲಿ 3 ಇಂಚಿನ ಮರದ ತುಂಡು ಕೊಟ್ಟು ಸರಿಮಾಡಿ. ಇಲ್ಲದಿದ್ದರೆ ಎರಡು ಪೆಟ್ಟಿಗೆ ಸಡಿಲ, ಎರಡು ಬಿಗಿ.

ಮೊದಲ ಮಳೆಗಾಲ ಕಳೆದ ಮೇಲೆ ಎಲ್ಲ ಬೋಲ್ಟೂ ಮತ್ತೆ ಬಿಗಿ ಮಾಡಬೇಕು. ಮರ ಉಬ್ಬಿ, ಒಣಗಿ ಕುಗ್ಗಿದಾಗ ಸಡಿಲಾಗಿರುತ್ತದೆ. ಅಗಲ ವಾಷರ್ ಹಾಕಿ. ಸಣ್ಣದಾದರೆ ಮರದೊಳಗೇ ಹೂತುಹೋಗುತ್ತದೆ.

ಡೈನಮೋ · ಸೋಮವಾರ ಬೆಳಿಗ್ಗೆ

ಇಷ್ಟೆಲ್ಲ ಮಾಡಿ ಕೈಯಲ್ಲಿ ಯಾಕೆ? 1 ಎಚ್‌ಪಿ ಮೋಟಾರು, ಗೇರ್‌ಬಾಕ್ಸು ಕೂರಿಸಿದರೆ ನಿಮಿಷಕ್ಕೆ 8 ಸುತ್ತು ಆರಾಮ.

ಸಂಕದಾಚೆ · ಸೋಮವಾರ ಬೆಳಿಗ್ಗೆ

ಆರಾಮ ಹೌದು, ತೊಂದರೆಯೂ ಅದೇ. 1 ಎಚ್‌ಪಿ ಶಕ್ತಿಯನ್ನು ನಿಮಿಷಕ್ಕೆ 8 ಸುತ್ತಿಗೆ ಇಳಿಸಿದರೆ 5 ಅಡಿ ತೋಳಿನ ತುದಿಯಲ್ಲಿ ಸುಮಾರು 60 ಕಿಲೋ ತಳ್ಳುಬಲ ಸಿಗುತ್ತದೆ. ನಡುವೆ ಮಗುವಿನ ಕೈ ಸಿಕ್ಕಿದರೆ ಮೋಟಾರಿಗೆ ಗೊತ್ತಾಗುವುದಿಲ್ಲ, ತಿರುಗುತ್ತಲೇ ಇರುತ್ತದೆ. ಮನುಷ್ಯ ತಿರುಗಿಸುವಾಗ ಎಲ್ಲೋ ಬಿಗಿಯಾಯಿತು ಅಂತ ಅಂಗೈಗೇ ತಿಳಿಯುತ್ತದೆ. ಮೋಟಾರು ಹಾಕಿದ ಕೂಡಲೇ ತುರ್ತು ಸ್ವಿಚ್ಚು, ಅರ್ತಿಂಗು, ಕರೆಂಟು ಹೋದಾಗ ನೆತ್ತಿಯಲ್ಲಿರುವವರನ್ನು ಇಳಿಸುವ ದಾರಿ, ವಿದ್ಯುತ್ ಪರಿಶೀಲನೆ, ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಎಂಟು ಮಕ್ಕಳ ತೊಟ್ಟಿಲಿಗೆ ಅಷ್ಟು ಬೇಕೇ?

ಡೈನಮೋ · ಸೋಮವಾರ ಬೆಳಿಗ್ಗೆ

ಒಪ್ಪಿದೆ. ದೀಪದ ಸರ ಆದರೂ ಹಾಕಲು ಬಿಡಿ. ಹಳೆ ಜಾತ್ರೆಯ ಬಣ್ಣದ ಸರ ಅಂದರೆ 6 ವೋಲ್ಟಿನ ಬಲ್ಬುಗಳು, 230 ವೋಲ್ಟಿಗೆ ಒಂದರ ಹಿಂದೊಂದು 38 ಬೇಕು. ಒಂದು ಹೋದರೆ ಇಡೀ ಸರ ಕತ್ತಲೆ. ಬಲ್ಬು ಕಡಿಮೆ ಮಾಡಿ ಗಂಟು ಹಾಕಿದರೆ ಉಳಿದವು ಜೋರಾಗಿ ಉರಿದು ಬೇಗ ಸಾಯುತ್ತವೆ. ಮುಟ್ಟಿದರೆ 230 ವೋಲ್ಟೇ ಹೊಡೆಯುವುದು, 6 ಅಲ್ಲ. ಹಾಗಾಗಿ ಈಗ 12 ವೋಲ್ಟಿನ ಎಲ್‌ಇಡಿ ಹಾಕಿ, ಬಣ್ಣದ ಕಾಗದದ ಗೂಡಿನೊಳಗೆ ಮುಚ್ಚಿ. ತಿರುಗುವ ಭಾಗಕ್ಕೆ ದೀಪ ಬೇಡ, ಕಂಬಕ್ಕೆ ಮಾತ್ರ.

ಬೈತಖೋಲ · ಸೋಮವಾರ ಮಧ್ಯಾಹ್ನ

ಕಾರವಾರದ ಕಡೆಯಿಂದ ಕಬ್ಬಿಣದ ಮಾತು.

ಅಚ್ಚಿಗೆ 50 ಮಿ.ಮೀ.ನ ಗಟ್ಟಿ ಉಕ್ಕಿನ ಸರಳು, ಕೊಳವೆ ಅಲ್ಲ. ಮೀಟರಿಗೆ 15 ಕಿಲೋ ಚಿಲ್ಲರೆ ತೂಗುತ್ತದೆ. ಎರಡು ತುದಿಗೆ ಯುಸಿಪಿ 210 ಪ್ಲಮ್ಮರ್ ಬ್ಲಾಕ್, ಅಂದರೆ ಅಚ್ಚು ಕೂರುವ ಬೇರಿಂಗಿನ ಗೂಡು, ಅದರ ಒಳತೂತು 50 ಮಿ.ಮೀ. ಪೇಟೆಯಲ್ಲಿ ಸಿಗುವ ಮಾಲು. ಬ್ಲಾಕಿನಿಂದ ತೋಳಿನ ತಟ್ಟೆಗೆ 6 ಇಂಚಿಗಿಂತ ದೂರ ಬಿಡಬೇಡಿ. ಎಂಟು ಮಕ್ಕಳಿಗೆ 240 ಕಿಲೋ, ತೋಳು 60, ಪೆಟ್ಟಿಗೆ ನಾಲ್ಕಕ್ಕೆ 60, ಒಟ್ಟು 360 ಅಂತಿಟ್ಟರೂ ಅಚ್ಚಿನಲ್ಲಿ ಬರುವ ಬಾಗು ಒತ್ತಡ 22 ಮೆಗಾಪಾಸ್ಕಲ್ ಒಳಗೇ. ಸಾಧಾರಣ ಉಕ್ಕು ಮಣಿಯುವುದು 250ರ ಹತ್ತಿರ. ಅಚ್ಚಿನ ಚಿಂತೆ ಬೇಡ. ಅದನ್ನು ತಟ್ಟೆಗೆ ಬೆಸೆದ ಜಾಗದ ಚಿಂತೆ ಇರಲಿ. ಸುತ್ತ ಪೂರ್ತಿ ಬೆಸುಗೆ ಹಾಕಿ, ವರ್ಷಕ್ಕೊಮ್ಮೆ ಬಣ್ಣ ಕೆರೆದು ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿ. ಬಿರುಕು ಇದ್ದರೆ ಎಣ್ಣೆ ಒಸರಿ ಕೂದಲಿನಂಥ ಗೆರೆ ಮೂಡುತ್ತದೆ.

ಶಿರಸಿಯಲ್ಲಿ ಉಪ್ಪುಗಾಳಿ ಇಲ್ಲ, ನೀವು ಪುಣ್ಯವಂತರು. ಟ್ಯಾಗೋರ್ ಕಡಲತೀರದಲ್ಲಿ ಇಂಥದ್ದು ನಿಲ್ಲಿಸಿದರೆ ಬರೀ ಬಣ್ಣದ ಬೋಲ್ಟು ಎರಡು ಮಳೆಗಾಲ ತಡೆಯುವುದೇ ಹೆಚ್ಚು. ಆದರೂ ಸತು ಲೇಪನದ ಬೋಲ್ಟೇ ತನ್ನಿ. ಮತ್ತಿಯಂಥ ಒಗರು ಮರದಲ್ಲಿ ಬರಿ ಕಬ್ಬಿಣ ಒದ್ದೆಯಾದರೆ ಸುತ್ತ ಮರ ಮಸಿಗಪ್ಪಾಗಿ ಮೆತ್ತಗಾಗುತ್ತದೆ. ಬೋಲ್ಟು ಗಟ್ಟಿ ಇದ್ದರೂ ಹಿಡಿತ ಹೋಗಿರುತ್ತದೆ.

ದೋಣಿಗೆ ಹಚ್ಚುವ ಗೇರುಸಿಪ್ಪೆ ಎಣ್ಣೆ ಹಚ್ಚೋಣ ಅಂತ ಯಾರಾದರೂ ಹೇಳುತ್ತಾರೆ, ಕುಮಟೆ ಕಡೆ ಸುಲಭವಾಗಿ ಸಿಗುತ್ತದೆ. ಮರಕ್ಕೆ ಒಳ್ಳೆಯದೇ, ಹುಳ ಹತ್ತಿರ ಬರುವುದಿಲ್ಲ. ಆದರೆ ಚರ್ಮ ಸುಡುತ್ತದೆ, ಗುಳ್ಳೆ ಏಳುತ್ತದೆ. ಮಕ್ಕಳು ಮುಟ್ಟುವ ಮರಕ್ಕೆ ಖಂಡಿತ ಬೇಡ. ನೆಲದೊಳಗೆ ಹೂಳುವ ಕಾಲಿನ ತುದಿಗೆ ಮಾತ್ರ ಹಚ್ಚಿ. ಮೀನೆಣ್ಣೆಯೂ ಬೇಡ. ಕಾರಣ ಮೂಗಿಗೇ ಗೊತ್ತಾಗುತ್ತದೆ. ಬೇಯಿಸಿದ ಅಗಸೆ ಎಣ್ಣೆ ಮೂರು ಕೈ, ಒಂದೊಂದರ ನಡುವೆ ಎರಡು ದಿನ ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿಡಿ.

ಗಜನಿ · ಸೋಮವಾರ ರಾತ್ರಿ

ಸ್ವಲ್ಪ ಆಚೆಯ ಮಾತು. ಎಲ್ಲರೂ ದೊಡ್ಡ ಚಕ್ರ ಅಂದರೆ 1893ರ ಶಿಕಾಗೊ ಪ್ರದರ್ಶನದಲ್ಲಿ ಫೆರಿಸ್ ಕಟ್ಟಿದ 264 ಅಡಿಯ ಉಕ್ಕಿನ ಚಕ್ರದಿಂದ ಶುರು ಮಾಡುತ್ತಾರೆ. ಕೈಯಲ್ಲಿ ತಿರುಗಿಸುವ ಮರದ ಚಕ್ರ ಅದಕ್ಕಿಂತ ಎಷ್ಟೋ ಹಳೆಯದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1615ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ರಂಜಾನ್ ಹಬ್ಬದ ಹೊತ್ತಿಗೆ ಅಂಥದ್ದರಲ್ಲಿ ಕೂತು ಬರೆದಿಟ್ಟಿದ್ದಾನೆ. ಅದೇ ಮನುಷ್ಯ 1623ರಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿಳಿದು, ಗೇರುಸೊಪ್ಪೆ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ ಹೋದವನು.

ಹಲಗೆಮೇಸ್ತ್ರಿ · ಸೋಮವಾರ ರಾತ್ರಿ

ಘಟ್ಟ ಹತ್ತಿದ್ದೂ ಒಂದು ತೊಟ್ಟಿಲೇ ಬಿಡಿ ಭಾವ, ಅದರಲ್ಲೂ ಹೊಟ್ಟೆ ತೊಳೆಸುತ್ತದೆ.

ಕೆಂಪುಕಾವಿ · ಮಂಗಳವಾರ ಬೆಳಿಗ್ಗೆ

ಹೊಟ್ಟೆಯಲ್ಲಿ ಚಿಟ್ಟೆ ಹಾರಿದ ಹಾಗೆ ಆಗುವುದು ನೆತ್ತಿ ದಾಟಿ ಇಳಿಯುವಾಗ ಮಾತ್ರ. ಇಷ್ಟು ಸಣ್ಣ ತೊಟ್ಟಿಲಲ್ಲಿ ಅದು ಬರುತ್ತದೆಯೇ? ಯಾರಾದರೂ ಲೆಕ್ಕ ಹಾಕಿ ಹೇಳಿ.

ಸಂಕದಾಚೆ · ಮಂಗಳವಾರ ಮಧ್ಯಾಹ್ನ

ಬರುತ್ತದೆ ಅಕ್ಕಾ. 5 ಅಡಿ ತೋಳು, ನಿಮಿಷಕ್ಕೆ 8 ಸುತ್ತು ಅಂದರೆ ನೆತ್ತಿಯಲ್ಲಿ ತೂಕ ನೂರಕ್ಕೆ 11ರಷ್ಟು ಇಳಿಯುತ್ತದೆ, ಅಡಿಯಲ್ಲಿ ಅಷ್ಟೇ ಏರುತ್ತದೆ. 25 ಕಿಲೋದ ಮಗು ಮೇಲೆ 22, ಕೆಳಗೆ 28. ಹನ್ನೆರಡು ಸುತ್ತಿಗೆ ಏರಿಸಿದರೆ ಇದು ನೂರಕ್ಕೆ 25 ಆಗುತ್ತದೆ. ವೇಗ ಒಂದೂವರೆ ಪಟ್ಟಾದರೆ ಪರಿಣಾಮ ಎರಡೂಕಾಲು ಪಟ್ಟು. ‘ಜೋರು, ಜೋರು’ ಅಂತ ಮಕ್ಕಳು ಕೂಗಿದರೂ 8 ದಾಟಬೇಡಿ. ಗಡಿಯಾರ ನೋಡಿ, ಒಂದು ಸುತ್ತಿಗೆ ಏಳೂವರೆ ಸೆಕೆಂಡು.

ಇನ್ನು ಪೆಟ್ಟಿಗೆಯೊಳಗೆ ನಿಲ್ಲುವ ವಿಚಾರ. ಕೀಲು ತಳದಿಂದ 30 ಇಂಚು ಮೇಲೆ, ಕೂರುವ ಹಲಗೆ ತಳದಿಂದ 10 ಇಂಚು. ಕೂತ ಮಗುವಿನ ಭಾರದ ನಡುಬಿಂದು ಕೀಲಿನಿಂದ ಒಂದಡಿ ಕೆಳಗಿರುತ್ತದೆ, ಪೆಟ್ಟಿಗೆ ನೇರ ನಿಲ್ಲುತ್ತದೆ. ನಾಲ್ಕಡಿ ಎತ್ತರದ ಮಗು ಎದ್ದು ನಿಂತರೆ ಅದು 4 ಇಂಚಷ್ಟೇ ಕೆಳಗೆ. ಕೊಂಚ ಮುಂದೆ ಬಾಗಿದರೂ ಪೆಟ್ಟಿಗೆ ಪೂರ್ತಿ ಓಲುತ್ತದೆ. ‘ನಿಲ್ಲಬೇಡ’ ಅಂತ ಬೋರ್ಡು ಹಾಕಿದರೆ ಯಾರೂ ಓದುವುದಿಲ್ಲ. ತೊಡೆಯ ಮೇಲೆ ಅಡ್ಡ ಬರುವ ಒಂದು ಮರದ ಪಟ್ಟಿ, ಹೊರಗಿನಿಂದ ಮಾತ್ರ ತೆಗೆಯಲು ಬರುವ ಚಿಲಕ ಇಡಿ.

ಕೀಲು ಎರಡು ಬದಿಗೂ ಬೇರೆ ಬೇರೆ ಗಿಡ್ಡ ಸರಳಾಗಿರಲಿ. ಪೆಟ್ಟಿಗೆಯ ಮೇಲೆ ಅಡ್ಡಲಾಗಿ ಉದ್ದ ಸರಳು ಹಾಯಿಸಿದರೆ ಮಕ್ಕಳು ಅದನ್ನೇ ಹಿಡಿದುಕೊಳ್ಳುತ್ತಾರೆ. ಸರಳು ತೋಳಿನ ಜೊತೆ ತಿರುಗುತ್ತದೆ, ಪೆಟ್ಟಿಗೆ ತಿರುಗುವುದಿಲ್ಲ, ಕೈ ಹಿಂಡಿದ ಹಾಗಾಗುತ್ತದೆ. ಪೆಟ್ಟಿಗೆಗೂ ತೋಳಿಗೂ ನಡುವೆ 4 ಇಂಚು ಬಿಡಿ. ಬದಿಗಳನ್ನು ಭುಜದವರೆಗೆ ಹಲಗೆಯಿಂದ ಮುಚ್ಚಿ.

ಕೆಂಪುಕಾವಿ · ಮಂಗಳವಾರ ರಾತ್ರಿ

ಕುದುರೆ ಚಕ್ರದ ಬಗ್ಗೆ ಯಾರೂ ಏನೂ ಬರೆದಿಲ್ಲವಲ್ಲ. ತಳದ ಬೇರಿಂಗನ್ನು ಹೊಸದಾಗಿ ಮಾಡಿಸಬೇಡಿ. ಗುಜರಿಯಲ್ಲಿ ಹಳೆ ಟೆಂಪೋದ ಮುಂದಿನ ಚಕ್ರದ ಹಬ್ ಸಿಗುತ್ತದೆ. ಒಳಗೆ ಎರಡು ಮೊನಚು ರೋಲರ್ ಬೇರಿಂಗು ಇರುತ್ತವೆ, ಮೇಲಿನ ಭಾರ, ಬದಿಯ ಎಳೆತ ಎರಡನ್ನೂ ತಡೆಯುತ್ತವೆ. ಮುಖ ಮೇಲಾಗಿ ಕಾಂಕ್ರೀಟಿನಲ್ಲಿ ಕೂರಿಸಿ, ಚಕ್ರದ ಬೋಲ್ಟುಗಳಿಗೆ ಎಂಟಡಿ ವ್ಯಾಸದ ಚೌಕಟ್ಟು ಬಿಗಿದರೆ ಆಯಿತು. ಮಳೆನೀರು ಒಳಗೆ ನಿಲ್ಲದ ಹಾಗೆ ಮೇಲೊಂದು ತಗಡಿನ ಟೋಪಿ ಇರಲಿ.

ಕುದುರೆಗಳನ್ನು ಗುಡಿಗಾರರ ಹತ್ತಿರ ಕೆತ್ತಿಸಿ. ಶಿರಸಿ, ಸಿದ್ದಾಪುರ, ಕುಮಟೆ, ಹೊನ್ನಾವರದಲ್ಲಿ ಆ ಕೈ ಇನ್ನೂ ಇದೆ. ಅವರು ಗಂಧದಲ್ಲಿ ಕೆತ್ತುವವರಾದರೂ ನಿಮಗೆ ಬೇಕಾದದ್ದು ಹಗುರ ಮರ. ಒಂದೇ ದಿಮ್ಮಿಯಲ್ಲಿ ಕೆತ್ತಿಸಬೇಡಿ, ನಡುವಿನ ತಿರುಳು ಇದ್ದರೆ ಹೊಟ್ಟೆ ಸೀಳುತ್ತದೆ. ಎರಡಿಂಚಿನ ಹಲಗೆಗಳನ್ನು ಅಂಟಿಸಿ ಗಟ್ಟಿ ಮಾಡಿ ಆಮೇಲೆ ಕೆತ್ತಿಸಿ, ಕಾಲುಗಳ ನಾರು ಉದ್ದಕ್ಕೆ ಬರುವ ಹಾಗೆ. ಹಳೆ ಕುದುರೆಗಳ ಕಾಲು, ಕಿವಿ ಮುರಿಯುತ್ತಿದ್ದದ್ದು ನಾರು ಅಡ್ಡ ಬಂದದ್ದರಿಂದ.

ಬಣ್ಣ: ಮಾರಿಕಾಂಬಾ ಗುಡಿಯ ಗೋಡೆಯ ಕಾವಿ ಚಿತ್ರಗಳನ್ನು ನೋಡಿ ಬನ್ನಿ. ಬಿಳಿ ನೆಲ, ಕಾವಿಯ ಒಂದೇ ಕೆಂಪು, ಗೆರೆಯಲ್ಲೇ ಎಲ್ಲ. ಕುದುರೆಗೆ ಅಷ್ಟು ಸಾಕು, ಆರು ಬಣ್ಣ ಬೇಡ. ಮರದ ಮೇಲೆ ಕಾವಿ, ಸುಣ್ಣ ನಿಲ್ಲುವುದಿಲ್ಲವಾದ್ದರಿಂದ ಪೇಟೆಯ ಎನಾಮೆಲ್ಲೇ ಬೇಕು. ಡಬ್ಬಿಯ ಮೇಲೆ ಸೀಸದ ಪ್ರಮಾಣ 90 ಪಿಪಿಎಂ ಮೀರಿಲ್ಲ ಅಂತ ಬರೆದಿದೆಯಾ ನೋಡಿ, 2017ರ ನವೆಂಬರ್‌ನಿಂದ ನಮ್ಮಲ್ಲಿ ಅದೇ ಮಿತಿ. ಗುಜರಿಯಿಂದ ತಂದ ಹಳೆ ಕುದುರೆಯ ಹಳದಿ, ಕೆಂಪು ಬಣ್ಣ ಒಣಗೆ ಉಜ್ಜಬೇಡಿ. ಆ ಧೂಳೇ ಸೀಸ. ಒದ್ದೆ ಮಾಡಿ ಉಜ್ಜಿ, ನೀರನ್ನು ತೋಟಕ್ಕೆ ಬಿಡಬೇಡಿ.

ಡೈನಮೋ · ಮಂಗಳವಾರ ರಾತ್ರಿ

ಮರಣಬಾವಿ ಒಂದು ಕಟ್ಟಿಬಿಟ್ಟರೆ ಬಯಲು ಪೂರ್ತಿಯಾದ ಹಾಗೆ.

ಬೈತಖೋಲ · ಮಂಗಳವಾರ ರಾತ್ರಿ

ತಮಾಷೆಗೂ ಬೇಡ. ಗೋಡೆ ಸುತ್ತುವ ಬೈಕು ಬೀಳದಿರಲು ಬೇಕಾದದ್ದು ವೇಗ ಮತ್ತು ಟೈರಿನ ಹಿಡಿತ. ಸುತ್ತಿನ ತ್ರಿಜ್ಯ ನಾಲ್ಕೂವರೆ ಮೀಟರು, ಹಿಡಿತ (ಘರ್ಷಣೆಯ ಗುಣಾಂಕ) 0.6 ಅಂದರೆ ಗಂಟೆಗೆ 31 ಕಿ.ಮೀ. ಸಾಕು. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಹಲಗೆ ಒದ್ದೆಯಾಗಿ ಹಿಡಿತ 0.3ಕ್ಕೆ ಇಳಿದರೆ 44 ಬೇಕು, ಎಣ್ಣೆ ಚೆಲ್ಲಿದರೆ ಯಾವ ವೇಗವೂ ಸಾಲದು. ಗೋಡೆ ನಿಂತಿರುವುದು ಹೊರಗಿನಿಂದ ಸುತ್ತಿದ ಉಕ್ಕಿನ ಹಗ್ಗದ ಬಿಗಿಯಲ್ಲಿ, ಮೊಳೆಯಲ್ಲಿ ಅಲ್ಲ. ಬೈಕು ಸುತ್ತಿದ ಹಾಗೆ ಒಂದೊಂದು ಹಲಗೆಯೂ ಹೊರಗೆ ತಳ್ಳಿ ವಾಪಸು ಬರುತ್ತದೆ, ಆ ತಕತಕ ಶಬ್ದ ಅದೇ. ಪ್ರತಿ ಆಟಕ್ಕೂ ಮೊದಲು ಹಗ್ಗದ ತಿರುಪು ಬಿಗಿಯದಿದ್ದರೆ ಸಂದು ಬಾಯಿ ಬಿಡುತ್ತದೆ. ಅದು ಹುಟ್ಟಾ ಅದೇ ಕೆಲಸದವರ ವಿದ್ಯೆ.

ಬಿಡಕಿಬಯಲು · ಬುಧವಾರ ಬೆಳಿಗ್ಗೆ

ಮರಣಬಾವಿ ಬಿಟ್ಟೆವು. ಅಚ್ಚು ಎಂಟೂವರೆ ಅಡಿಗೆ ತಿದ್ದಿದೆವು. ಈಗ ಕಾಲು ಹೂಳುವುದು, ನಿಲ್ಲಿಸುವುದು ಹೇಗೆ? ಮೈದಾನದ ಅರ್ಧ ಚಿರೆಕಲ್ಲು, ಅರ್ಧ ತುಂಬಿಸಿದ ಮಣ್ಣು.

ಸಂಕದಾಚೆ · ಬುಧವಾರ ಬೆಳಿಗ್ಗೆ

ಎರಡು ಕಾಲು ಚಿರೆಯ ಮೇಲೆ, ಎರಡು ತುಂಬಿಸಿದ ಮಣ್ಣಲ್ಲಿ ಬಂದರೆ ಒಂದು ಮಳೆಗಾಲಕ್ಕೆ ತೊಟ್ಟಿಲು ವಾಲುತ್ತದೆ. ನಮ್ಮಲ್ಲಿ ಬೀಳುವ ಮಳೆಯೇನು ಸಣ್ಣದೇ? ನಾಲ್ಕೂ ಚಿರೆಯಲ್ಲೇ ಬರುವ ಹಾಗೆ ಜಾಗ ಸರಿಸಿ. ಕುಳಿ 3 ಅಡಿ ಆಳ, 2 ಅಡಿ ಚೌಕ. ತಳಕ್ಕೆ ಆರಿಂಚು ಜಲ್ಲಿ, ನೀರು ಬಸಿಯಲು. ಮರದ ಕಾಲನ್ನು ನೇರ ಕಾಂಕ್ರೀಟಿಗೆ ಹುಗಿಯುವ ಬದಲು ಕಬ್ಬಿಣದ ಬೂಟು ಹುಗಿದು ಕಾಲನ್ನು ನೆಲದಿಂದ 4 ಇಂಚು ಮೇಲೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಮರ ಕೊಳೆಯುವುದು ಆಳದಲ್ಲಲ್ಲ, ನೆಲ ಗಾಳಿ ಕೂಡುವ ಗೆರೆಯಲ್ಲಿ.

ಎರಡು ಕತ್ತರಿ ಕಾಲು. ಪ್ರತಿ ಕತ್ತರಿಯ ಬುಡದ ಅಗಲ ಐದಡಿ. ತಿರುಗುವ ದಿಕ್ಕಿಗೆ ಎಲ್ಲರೂ ಊರೆ ಕೊಡುತ್ತಾರೆ, ಅಚ್ಚಿನ ಉದ್ದದ ದಿಕ್ಕಿಗೆ ಮರೆಯುತ್ತಾರೆ. ಆಮೇಲೆ ತೊಟ್ಟಿಲು ತಿರುಗುವಾಗ ಎರಡು ಕತ್ತರಿಗಳೂ ಒಟ್ಟಿಗೆ ಪಕ್ಕಕ್ಕೆ ತೂಗುತ್ತವೆ. ಎರಡೂ ಬದಿಯಿಂದ ಹೊರಗೆ ಓರೆ ಕಂಬ ಕೊಡಿ. ಅಚ್ಚು ಕೂರುವ ಎರಡು ಕಟ್ಟೆಗಳ ಮಟ್ಟವನ್ನು ನೀರಿನ ಕೊಳವೆಯಲ್ಲಿ ನೋಡಿ, 3 ಮಿ.ಮೀ.ಗಿಂತ ವ್ಯತ್ಯಾಸ ಬೇಡ. ಕಣ್ಣಳತೆಯನ್ನು ಇಳಿಜಾರು ಮೈದಾನ ಮೋಸ ಮಾಡುತ್ತದೆ.

ಬೈತಖೋಲ · ಬುಧವಾರ ಮಧ್ಯಾಹ್ನ

ಮರಳಲ್ಲಿ ನಿಲ್ಲಿಸುವವರು ಯಾರಾದರೂ ಓದುತ್ತಿದ್ದರೆ: ಕುಳಿ ತೋಡಬೇಡಿ, ಸ್ಲೀಪರ್ ಹಲಗೆ ಅಡ್ಡಡ್ಡ ಎರಡು ಸಾಲು ಹಾಸಿ. ತಿರುಗುವ ನಡುಕಕ್ಕೆ ಮರಳು ದಿನಾ ಇಳಿಯುತ್ತದೆ, ದಿನಾ ಬೆಳಿಗ್ಗೆ ಮಟ್ಟ ನೋಡಿ ಬೆಣೆ ಹೊಡೆಯಬೇಕು. ಎಳೆಹಗ್ಗಕ್ಕೆ ಗೂಟ ನಿಲ್ಲುವುದಿಲ್ಲ. ಮೂರಡಿ ದಿಮ್ಮಿಯನ್ನು 4 ಅಡಿ ಆಳದಲ್ಲಿ ಅಡ್ಡ ಹುಗಿದು ಅದರ ನಡುವಿಗೆ ಕಟ್ಟಿ. ನಾರಿನ ಹಗ್ಗ ಒದ್ದೆಯಾದರೆ ಕುಗ್ಗಿ ಬಿಗಿಯುತ್ತದೆ, ನೈಲಾನು ಒದ್ದೆಯಾದರೆ ಸಡಿಲುತ್ತದೆ. ಎರಡನ್ನೂ ಬೆರೆಸಿ ಕಟ್ಟಿದರೆ ಇಬ್ಬನಿ ಬಿದ್ದ ಬೆಳಿಗ್ಗೆ ಕಂಬ ಒಂದು ಬದಿಗೆ ಎಳೆದಿರುತ್ತದೆ.

ಹಲಗೆಮೇಸ್ತ್ರಿ · ಬುಧವಾರ ರಾತ್ರಿ

ಬ್ರೇಕು ಇಲ್ಲದೆ ಹೋದೀತು ಅಂತ ಎಷ್ಟೋ ಜನ. ಹಳೆಯವರು ತೋಳನ್ನೇ ಹಿಡಿದು ನಿಲ್ಲಿಸುತ್ತಿದ್ದರು. ಇಬ್ಬರಿಗೂ ಸಮ ತೂಕದ ಅಂದಾಜು ಕೈಯಲ್ಲೇ ಇತ್ತು, ಮಕ್ಕಳನ್ನು ಕೂರಿಸುವ ಕ್ರಮವೂ ಗೊತ್ತಿತ್ತು. ಈಗಿನವರಿಗೆ ಬ್ರೇಕು ಬೇಕು.

ಸಂಕದಾಚೆ · ಬುಧವಾರ ರಾತ್ರಿ

ಆ ಕ್ರಮವೇ ಅರ್ಧ ಬ್ರೇಕು. ಅಡಿಯ ಪೆಟ್ಟಿಗೆಗೆ ಒಬ್ಬರನ್ನು ಕೂರಿಸಿ, ಅರ್ಧ ಸುತ್ತು ತಿರುಗಿಸಿ, ಎದುರಿನ ಪೆಟ್ಟಿಗೆಗೆ ಒಬ್ಬರು. ಆಮೇಲೆ ಕಾಲು ಸುತ್ತು, ಮತ್ತೆ ಅದರ ಎದುರು. ನಾಲ್ಕರಲ್ಲೂ ಒಬ್ಬೊಬ್ಬರಾದ ಮೇಲೆ ಎರಡನೆಯವರು, ಅದೇ ಸರದಿ. ಎದುರುಬದುರು ಪೆಟ್ಟಿಗೆಗಳ ವ್ಯತ್ಯಾಸ 15 ಕಿಲೋ ದಾಟಬಾರದು. ಅಣ್ಣ ತಂಗಿ ಒಟ್ಟಿಗೆ ಕೂರಲಿ, ಎದುರು ಅಂಥದ್ದೇ ಜೋಡಿ. ಇಳಿಸುವಾಗಲೂ ಒಂದೇ ಪೆಟ್ಟಿಗೆಯ ಇಬ್ಬರನ್ನೂ ಒಟ್ಟಿಗೆ ಇಳಿಸಬೇಡಿ. ಜಾರಿ ಹಿಂದಕ್ಕೆ ತಿರುಗುವುದು ಹತ್ತುವಾಗ ಅಲ್ಲ, ಇಳಿಯುವಾಗ, ಎಲ್ಲರಿಗೂ ಅವಸರ ಇರುವ ಹೊತ್ತಿಗೆ. ಹತ್ತಿಸುವಾಗ, ಇಳಿಸುವಾಗ ತೋಳಿನಿಂದ ಕಾಲುಕಂಬಕ್ಕೆ 20 ಮಿ.ಮೀ. ಕಬ್ಬಿಣದ ಕೀಲು ತೂರಿಸಿರಲೇಬೇಕು. ಕೀಲಿಗೆ ಕೆಂಪು ಬಟ್ಟೆ ಕಟ್ಟಿ, ಬಟ್ಟೆ ಕಾಣುತ್ತಿದ್ದರೆ ತಿರುಗಿಸಬಾರದು.

ಬ್ರೇಕಿಗೆ ಅಚ್ಚಿನ ತುದಿಯಲ್ಲಿ ಒಂದಡಿ ವ್ಯಾಸದ ಹಳೆ ಬ್ರೇಕ್ ಡ್ರಮ್ಮು, ಅದರ ಸುತ್ತ ಒಂದೂವರೆ ಸುತ್ತು ಹಗ್ಗ. ಹಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ಕೈಗೆ. ಸುತ್ತಿದ ಹಗ್ಗ ಕೈಯ ಎಳೆತವನ್ನು ಸುಮಾರು ಹದಿನೇಳು ಪಟ್ಟು ಮಾಡುತ್ತದೆ. ಒಂದು ಬದಿಗೆ 25 ಕಿಲೋ ಹೆಚ್ಚಿದ್ದರೆ ಹಿಡಿದು ನಿಲ್ಲಿಸಲು 16 ಕಿಲೋ ಎಳೆದರೆ ಸಾಕು. ಆದರೆ ಇದು ಒಂದೇ ದಿಕ್ಕಿಗೆ. ಹಿಂದಕ್ಕೆ ಜಾರಿದರೆ ಬಿಗಿ ತುದಿಯೂ ಸಡಿಲ ತುದಿಯೂ ಅದಲುಬದಲಾಗಿ ಹಗ್ಗ ನಿಮ್ಮನ್ನೇ ಎಳೆಯುತ್ತದೆ. ಅದಕ್ಕೇ ಕೀಲು. ಹಗ್ಗ ಒದ್ದೆಯಾದ ದಿನ ತೊಟ್ಟಿಲು ಬಂದ್.

ಮಕ್ಕಳನ್ನು ಕೂರಿಸುವ ಮೊದಲು ಪೆಟ್ಟಿಗೆಗೆ 120 ಕಿಲೋ ಮರಳುಚೀಲ, ಅಂದರೆ ಎರಡು ಪಟ್ಟು ಭಾರ, ತೂಗಿ ಇಟ್ಟು ಒಂದು ರಾತ್ರಿ ಬಿಡಿ. ತೋಳಿನ ಉದ್ದಕ್ಕೆ ದಾರ ಕಟ್ಟಿ ಬಾಗು ಅಳೆಯಿರಿ. ಚೀಲ ತೆಗೆದ ಮೇಲೆ ತೋಳು ವಾಪಸು ನೆಟ್ಟಗಾಗಬೇಕು. ಆಮೇಲೆ ಅಕ್ಕಪಕ್ಕದ ಎರಡು ಪೆಟ್ಟಿಗೆಗೆ ಮಾತ್ರ ಭಾರ ಹಾಕಿ ಕೆಂಪು ಬಟ್ಟೆಯ ಕೀಲನ್ನು ಪರೀಕ್ಷಿಸಿ. ಇಷ್ಟಾದ ಮೇಲೂ ಒಬ್ಬ ಇಂಜಿನಿಯರು ಬಂದು ನೋಡಿ ಸಹಿ ಹಾಕಲಿ. ನಾವು ದೂರದಿಂದ ಬರೆದದ್ದು ಸಹಿ ಅಲ್ಲ.

ಬಿಡಕಿಬಯಲು · ಗುರುವಾರ ಬೆಳಿಗ್ಗೆ

ಎಲ್ಲ ಬರೆದುಕೊಂಡೆ. ಆದರೆ ಬೇರಿಂಗು, ಗ್ರೀಸು ಹಾಕಿದ ತೊಟ್ಟಿಲು ಮೂಕ ಆಗಿಬಿಡುತ್ತದಲ್ಲ. ಕಿರ್ರ್ ಎಲ್ಲಿಂದ ಅಂತ ಯಾರೂ ಹೇಳಲೇ ಇಲ್ಲ.

ಹಲಗೆಮೇಸ್ತ್ರಿ · ಗುರುವಾರ ಬೆಳಿಗ್ಗೆ

ಎರಡು ಶಬ್ದ ಇದ್ದವು ತಮಾ, ಜನ ಬೆರೆಸಿ ಒಂದೇ ಅಂತಾರೆ. ಕವಲಿನಲ್ಲಿ ಕೂತ ದಪ್ಪ ಅಚ್ಚು ನರಳುವುದು ತಗ್ಗು ದನಿ, ಎತ್ತಿನಗಾಡಿಯ ಥರ. ಅದಕ್ಕೆ ಹರಳೆಣ್ಣೆ ಬಟ್ಟೆ ಸುತ್ತುತ್ತಿದ್ದರು. ನೀವು ಹೇಳುವ ಕಿರ್ರ್ ಪೆಟ್ಟಿಗೆಯ ಕೀಲಿನದು. ತೊಟ್ಟಿಲು ಒಂದು ಸುತ್ತು ಬಂದರೆ ಪೆಟ್ಟಿಗೆ ನೇರ ಇರಲು ಕೀಲಿನಲ್ಲಿ ಒಂದು ಸುತ್ತು ಉಜ್ಜಲೇಬೇಕು. ಅಷ್ಟು ನಿಧಾನಕ್ಕೆ ಉಜ್ಜುವಾಗ ಒಣ ಕಬ್ಬಿಣ ಅಂಟುತ್ತದೆ, ಬಿಡುತ್ತದೆ, ಮತ್ತೆ ಅಂಟುತ್ತದೆ. ನಾಲ್ಕು ಪೆಟ್ಟಿಗೆಗೆ ನಾಲ್ಕು ಸ್ವರ.

ಬೈತಖೋಲ · ಗುರುವಾರ ಮಧ್ಯಾಹ್ನ

ಜಾತ್ರೆಯ ಮೊದಲ ದಿನ ಸುಮ್ಮನಿದ್ದು ಮೂರನೇ ದಿನಕ್ಕೆ ಶುರುವಾಗುತ್ತಿದ್ದದ್ದೂ ಅದಕ್ಕೇ. ಬೇಸಿಗೆಯ ಕೆಂಪು ಧೂಳು ಎಣ್ಣೆಯನ್ನು ಹೀರಿ ಉಜ್ಜುಕಾಗದದ ಹಾಗಾಗುತ್ತದೆ. ಅಂದರೆ ಕಿರ್ರ್ ಅಂದರೆ ಸವೆತ. ಕೀಲು ಸವೆದು, ಅದು ಕೂರುವ ಕಬ್ಬಿಣದ ಕಿವಿಯ ತೂತು ಮೊಟ್ಟೆಯಾಕಾರ ಆಗುತ್ತದೆ. ಭಾರ ಹೊರುವ ಕೀಲನ್ನು ಒಣಗಿಸಿ ಹಾಡಿಸಬೇಡಿ. 20 ಮಿ.ಮೀ. ಕೀಲು, ಗನ್‌ಮೆಟಲ್ ಬುಷ್ (ಕೀಲು ತಿರುಗುವ ಕಂಚಿನ ಬಳೆ), ವಾರಕ್ಕೊಮ್ಮೆ ಗ್ರೀಸು. ಒಂದೂವರೆ ಮಿ.ಮೀ. ಆಟ ಕಂಡರೆ ಬುಷ್ ಬದಲಿಸಿ.

ಹಲಗೆಮೇಸ್ತ್ರಿ · ಗುರುವಾರ ರಾತ್ರಿ

ಶಬ್ದಕ್ಕೆ ಬೇರೆ ದಾರಿ ಇದೆ. ಕೀಲಿನ ಹೊರಗೆ, ಭಾರ ಬೀಳದ ಕಡೆ, ಎರಡು ಮರದ ಬಿಲ್ಲೆ ಹಾಕಿ. ಒಂದು ತೋಳಿಗೆ, ಒಂದು ಪೆಟ್ಟಿಗೆಗೆ ಅಂಟಿದ್ದು, 4 ಇಂಚು ಅಗಲ, ನಡುವೆ ಸಣ್ಣ ಸ್ಪ್ರಿಂಗಿನ ಒತ್ತು. ಮುಖಕ್ಕೆ ಚಿಟಿಕೆ ರಾಳದ ಪುಡಿ. ಪಿಟೀಲಿನ ಬಿಲ್ಲಿಗೆ ಉಜ್ಜುವುದೂ ಅದೇ ಜಾತಿಯ ಸರಕು. ದನಿ ಜಾಸ್ತಿಯಾಯಿತು ಅಂತ ಪಕ್ಕದ ಮನೆಯವರು ಬಂದರೆ ಒಣ ಸೋಪು ಒಮ್ಮೆ ಎಳೆಯಿರಿ, ಸುಮ್ಮನಾಗುತ್ತದೆ. ಗ್ರೀಸು ತಾಗಿದರೆ ಮಾತ್ರ ಬಿಲ್ಲೆ ಕೆಟ್ಟ ಹಾಗೆ, ಬೇರೆಯದೇ ಹಾಕಬೇಕು.

ಕೆಂಪುಕಾವಿ · ಗುರುವಾರ ರಾತ್ರಿ

ರಾಳ ಬಿಸಿಲಿಗೆ ಮೆತ್ತಗಾಗುತ್ತದೆ. ಮಧ್ಯಾಹ್ನ ಅಂಟಿಕೊಂಡು ಶಬ್ದ ನಿಲ್ಲುತ್ತದೆ, ಸಂಜೆ ತಂಪಾದ ಮೇಲೆ ಮತ್ತೆ ಶುರು.

ಬಿಡಕಿಬಯಲು · ಶುಕ್ರವಾರ ಬೆಳಿಗ್ಗೆ

ಹಾಗಾದರೆ ಮಧ್ಯಾಹ್ನ ಮೂಕ, ಸಂಜೆಗೆ ಕಿರ್ರ್?

ಹಲಗೆಮೇಸ್ತ್ರಿ · ಶುಕ್ರವಾರ ಬೆಳಿಗ್ಗೆ

ಜಾತ್ರೆಯಲ್ಲೂ ಮಧ್ಯಾಹ್ನ ಯಾರು ಹತ್ತುತ್ತಿದ್ದರು ತಮಾ.